ಶುಗರ್ ಕಾಲಿನ ಗಾಯಕ್ಕೆ ಚರ್ಮ ಕಸಿ: ಜೊತೆಗೆ ಪಿಆರ್‌ಪಿ ಹಾಕಿಸಬೇಕಾ?

ಕೆರೆಕೋಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ ಶುಗರ್ ಬಂದು ಬಹಳ ವರ್ಷ ಆಯಿತು. ಗದ್ದೆಯಲ್ಲಿ ಕಳೆ ತೆಗೆಯುವಾಗ ಬಲಪಾದಕ್ಕೆ ಏನೋ ಚುಚ್ಚಿದೆ. ಕಾಲು ಜೋಮು ಹಿಡಿದಂತೆ ಇರುವುದರಿಂದ ಅವರಿಗೆ ಗೊತ್ತೇ ಆಗಿಲ್ಲ. ಕೀವು ತುಂಬಿ ಪಾದ ಊದಿದ ಮೇಲೆ ಆಸ್ಪತ್ರೆಗೆ ಸೇರಿಸಿದೆವು. ಸತ್ತ ಮಾಂಸವನ್ನೆಲ್ಲ ತೆಗೆದಿದ್ದಾರೆ. ಈಗ ಪಾದದ ಮೇಲ್ಭಾಗದಲ್ಲಿ ಅಂಗೈ ಅಗಲ ಗಾಯ ತೆರೆದುಕೊಂಡಿದೆ. ತೊಡೆಯ ಚರ್ಮ ತೆಗೆದು ಅಲ್ಲಿ ಕೂರಿಸುತ್ತೇವೆ ಅಂದಿದ್ದಾರೆ.

ನಿನ್ನೆ ರೌಂಡ್ಸ್‌ಗೆ ಬಂದ ಡಾಕ್ಟರು, "ಪಿಆರ್‌ಪಿ, ಅಂದರೆ ಪ್ಲೇಟ್‌ಲೆಟ್ ಜಾಸ್ತಿ ಇರುವ ಪ್ಲಾಸ್ಮಾ (ರಕ್ತದ ದ್ರವ ಭಾಗ), ಹಾಕಿದರೆ ಚರ್ಮ ಚೆನ್ನಾಗಿ ಹಿಡಿಯುತ್ತೆ, ನಿಮ್ಮಪ್ಪನ ರಕ್ತದಿಂದಲೇ ಮಾಡ್ತೀವಿ" ಅಂದರು. ಆಪರೇಷನ್ ಖರ್ಚು ಕಾರ್ಡಲ್ಲಿ ಆಗುತ್ತದೆ. ಇದಕ್ಕೆ ಮಾತ್ರ ಕೈಯಿಂದ ಕಟ್ಟಬೇಕಂತೆ. ದುಡ್ಡು ಹೇಗಾದರೂ ಹೊಂದಿಸುತ್ತೇನೆ. ಆದರೆ ನಿಜವಾಗಿ ಉಪಯೋಗ ಇದೆಯಾ? ಊರಲ್ಲಿ ಒಬ್ಬರು ಮಂಡಿನೋವಿಗೆ ಇದನ್ನೇ ಇಂಜೆಕ್ಷನ್ ತಗೊಂಡು ಏನೂ ಪ್ರಯೋಜನ ಆಗಲಿಲ್ಲ ಅಂತಾರೆ. ಇನ್ನೊಬ್ಬರು ಕೂದಲು ಉದುರುವುದಕ್ಕೆ ತಗೊಂಡಿದ್ದಾರೆ. ಕೂದಲಿಗೂ ಮಂಡಿಗೂ ಗಾಯಕ್ಕೂ ಒಂದೇ ಔಷಧಿ ಹೇಗೆ ಆಗುತ್ತೆ? ಗೊತ್ತಿರುವವರು ದಯವಿಟ್ಟು ಹೇಳಿ.

ಸುಮ_ಅರಸೀಕೆರೆ

ಡೆಂಗೆ ಬಂದಾಗ ಪ್ಲೇಟ್‌ಲೆಟ್ ಹಾಕಿಸ್ತಾರಲ್ಲ, ಅದೇನಾ ಇದು? ನಮ್ಮ ಅತ್ತಿಗೆಗೆ ಹೋದ ವರ್ಷ ಹಾಕಿಸಿದ್ದೆವು.

ರಕ್ತನಿಧಿ_ಟೆಕ್ನಿಷಿಯನ್

ಅಲ್ಲ ಮೇಡಂ. ಡೆಂಗೆಯಲ್ಲಿ ಕೊಡುವುದು ಬೇರೆ ದಾನಿಗಳ ಪ್ಲೇಟ್‌ಲೆಟ್. ಅದನ್ನು ರಕ್ತನಾಳದ ಮೂಲಕ ಏರಿಸುತ್ತಾರೆ. ಬ್ಲಡ್ ಬ್ಯಾಂಕಿನಲ್ಲಿ 20ರಿಂದ 24 ಡಿಗ್ರಿಯಲ್ಲಿ ಅಲುಗಾಡಿಸುತ್ತಾ ಸಾಮಾನ್ಯವಾಗಿ 5 ದಿನ ಇಡಬಹುದು. ಪಿಆರ್‌ಪಿ ಮಾಡುವುದು ರೋಗಿಯ ಸ್ವಂತ ರಕ್ತದಿಂದ. ಆವತ್ತೇ ಮಾಡಿ, ಆವತ್ತೇ ಗಾಯದ ಜಾಗಕ್ಕೇ ಹಾಕುತ್ತಾರೆ.

ಕೆರೆಕೋಡಿಯವರೇ, ಮಾಡುವ ರೀತಿ ಹೇಳುತ್ತೇನೆ. ನಿಮ್ಮ "ಒಂದೇ ಔಷಧಿನಾ" ಅನ್ನುವ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ತೋಳಿನಿಂದ ರಕ್ತ ತೆಗೆದು ಸಿಟ್ರೇಟ್ ಇರುವ ಟ್ಯೂಬಿಗೆ ಹಾಕುತ್ತೇವೆ. ಹೆಪ್ಪುಗಟ್ಟಬಾರದು ಅಂತ ಸಿಟ್ರೇಟ್. ಸೆಂಟ್ರಿಫ್ಯೂಜ್ ಅನ್ನುವ ಗರಗರ ತಿರುಗಿಸುವ ಮೆಷಿನ್‌ನಲ್ಲಿ ಮೊದಲು ನಿಧಾನಕ್ಕೆ ತಿರುಗಿಸುತ್ತೇವೆ. ಟ್ಯೂಬ್ ಹೊರಗೆ ತೆಗೆದಾಗ ಕೆಳಗೆ ಕೆಂಪು ರಕ್ತಕಣ ಕೂತಿರುತ್ತವೆ, ಮೇಲೆ ಹಳದಿ ಪ್ಲಾಸ್ಮಾ. ನಡುವೆ ಒಂದು ತೆಳು ಬಿಳಿ ಗೆರೆ ಕಾಣುತ್ತದೆ. ಬಿಳಿ ರಕ್ತಕಣ ಇರುವುದು ಅಲ್ಲಿ. ಮೇಲಿನ ಪ್ಲಾಸ್ಮಾವನ್ನು ಆ ಗೆರೆಯ ತನಕ ಉದ್ದ ಸೂಜಿಯಲ್ಲಿ ಮೆಲ್ಲಗೆ ಎಳೆದುಕೊಳ್ಳಬೇಕು. ಕೈ ಸ್ವಲ್ಪ ಅಲುಗಿದರೂ ಕೆಂಪು ಸೇರಿಕೊಳ್ಳುತ್ತದೆ. ಎಳೆದ ಪ್ಲಾಸ್ಮಾವನ್ನು ಇನ್ನೊಂದು ಟ್ಯೂಬಿಗೆ ಹಾಕಿ ಈ ಸಲ ಜೋರಾಗಿ ತಿರುಗಿಸುತ್ತೇವೆ. ಪ್ಲೇಟ್‌ಲೆಟ್ ತಳಕ್ಕೆ ಹೋಗಿ ಕೂರುತ್ತವೆ. ಮೇಲಿನ ಮುಕ್ಕಾಲು ಪಾಲು ಪ್ಲಾಸ್ಮಾ ತೆಗೆದುಬಿಟ್ಟು, ಉಳಿದದ್ದರಲ್ಲಿ ತಳದ ಪ್ಲೇಟ್‌ಲೆಟ್‌ಗಳನ್ನು ಮೆಲ್ಲಗೆ ಬೆರೆಸಿದರೆ ಪಿಆರ್‌ಪಿ ಸಿದ್ಧ. ಕುಲುಕಬಾರದು. ಕುಲುಕಿದರೆ ಪ್ಲೇಟ್‌ಲೆಟ್‌ಗಳು ಟ್ಯೂಬಿನಲ್ಲೇ ಕೆರಳಿ ಒಳಗಿರುವುದನ್ನು ಅಲ್ಲೇ ಬಿಟ್ಟುಬಿಡುತ್ತವೆ.

ನಮ್ಮ ರಕ್ತದ ಒಂದು ಮೈಕ್ರೋಲೀಟರಿನಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. ಒಳ್ಳೆಯ ಪಿಆರ್‌ಪಿಯಲ್ಲಿ ಸುಮಾರು 10 ಲಕ್ಷ ಇರಬೇಕು ಅನ್ನುವುದು ಬಹಳ ಜನ ಒಪ್ಪುವ ಲೆಕ್ಕ. ಆದರೆ ಎಷ್ಟು ರಕ್ತ ತೆಗೆದರು, ಎಷ್ಟು ವೇಗ, ಎಷ್ಟು ನಿಮಿಷ, ಬಿಳಿ ಗೆರೆ ಸೇರಿಸಿದರೋ ಬಿಟ್ಟರೋ, ಇದೆಲ್ಲ ಒಂದೊಂದು ಕಡೆ ಒಂದೊಂದು ಥರ. ಹಾಗಾಗಿ ಹೆಸರು ಒಂದೇ ಆದರೂ ಟ್ಯೂಬಿನಲ್ಲಿರುವ ಮಾಲು ಒಂದೇ ಅಲ್ಲ.

ಕೆರೆಕೋಡಿ

ತುಂಬಾ ಥ್ಯಾಂಕ್ಸ್ ಅಣ್ಣ. ಒಳಗಿರುವುದನ್ನು ಬಿಟ್ಟುಬಿಡುತ್ತವೆ ಅಂದಿರಲ್ಲ, ಏನದು?

ರಕ್ತನಿಧಿ_ಟೆಕ್ನಿಷಿಯನ್

ಪ್ಲೇಟ್‌ಲೆಟ್ ಒಳಗೆ ಸಣ್ಣ ಸಣ್ಣ ಚೀಲಗಳಿರುತ್ತವೆ. ಅದರಲ್ಲಿ ಪಿಡಿಜಿಎಫ್, ಟಿಜಿಎಫ್ ಬೀಟಾ, ವಿಇಜಿಎಫ್ ಅಂತ ಬೆಳವಣಿಗೆಯ ಪ್ರೋಟೀನುಗಳು. ಗಾಯ ಆದ ಕೂಡಲೇ ರಕ್ತ ನಿಲ್ಲಿಸುವುದು ಪ್ಲೇಟ್‌ಲೆಟ್‌ನ ಮೊದಲ ಕೆಲಸ. ಆಮೇಲೆ ಈ ಪ್ರೋಟೀನುಗಳನ್ನು ಬಿಟ್ಟು ರಿಪೇರಿ ಮಾಡುವ ಜೀವಕೋಶಗಳನ್ನು ಕರೆಯುತ್ತವೆ, ಹೊಸ ರಕ್ತನಾಳ ಚಿಗುರುವುದಕ್ಕೆ ನೆರವಾಗುತ್ತವೆ. ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿದರೆ ಪಿಆರ್‌ಪಿ ಜೆಲ್ ಆಗುತ್ತದೆ. ಜೆಲ್ ಆದ ಮೇಲೆ ಹೆಚ್ಚಿನ ಪಾಲು ಪ್ರೋಟೀನು ಮೊದಲ ಒಂದು ಗಂಟೆಯೊಳಗೇ ಹೊರಗೆ ಬರುತ್ತದೆ. ಅದಕ್ಕೇ ಆಪರೇಷನ್ ಟೇಬಲ್ ಪಕ್ಕದಲ್ಲಿ, ಹಾಕುವ ಹೊತ್ತಿಗೆ ಸರಿಯಾಗಿ ಕ್ಯಾಲ್ಸಿಯಂ ಬೆರೆಸುತ್ತಾರೆ.

ಪ್ಲಾಸ್ಟಿಕ್‌ಸರ್ಜರಿ_ಪಿಜಿ

ನಾನು ಪ್ಲಾಸ್ಟಿಕ್ ಸರ್ಜರಿ ಓದುತ್ತಿದ್ದೇನೆ. ನಿಮ್ಮ ತಂದೆಯವರನ್ನು ನೋಡದೆ ಅವರಿಗೆ ಇದು ಬೇಕು, ಬೇಡ ಅಂತ ಹೇಳಲಾರೆ. ಆದರೆ ಚರ್ಮ ಕಸಿಯಲ್ಲಿ ಪಿಆರ್‌ಪಿ ಏನು ಮಾಡುತ್ತದೆ ಅಂತ ಹೇಳಬಲ್ಲೆ.

ತೊಡೆಯಿಂದ ತೆಗೆಯುವ ಚರ್ಮ ಕಾಗದದಷ್ಟು ತೆಳು. ಅದಕ್ಕೆ ಸ್ವಂತ ರಕ್ತನಾಳದ ಸಂಪರ್ಕ ಇರುವುದಿಲ್ಲ. ಗಾಯದ ಮೇಲೆ ಕೂರಿಸಿದ ಮೇಲೆ ಮೊದಲ ಒಂದೆರಡು ದಿನ ಅದು ಗಾಯದಿಂದ ಜಿನುಗುವ ದ್ರವ ಹೀರಿಕೊಂಡೇ ಬದುಕಬೇಕು. ಆಮೇಲೆ ಕೆಳಗಿನ ರಕ್ತನಾಳಗಳು ಮೇಲಿನವಕ್ಕೆ ಕೂಡಿಕೊಳ್ಳುತ್ತವೆ. ಐದಾರು ದಿನ ಆಗುವಾಗ ರಕ್ತ ಸರಿಯಾಗಿ ಓಡುತ್ತಿರುತ್ತದೆ. ಈ ಅವಧಿಯಲ್ಲಿ ಮೂರು ಶತ್ರುಗಳು. ಚರ್ಮದ ಕೆಳಗೆ ರಕ್ತ ಅಥವಾ ನೀರು ನಿಂತುಕೊಳ್ಳುವುದು, ಚರ್ಮ ಜರುಗುವುದು, ಕೀವು. ಇದರಲ್ಲಿ ಯಾವುದಾದರೂ ಆಯಿತೋ, ಆ ಭಾಗ ಕಪ್ಪಾಗಿ ಎದ್ದು ಬರುತ್ತದೆ.

ಪಿಆರ್‌ಪಿಯನ್ನು ಗಾಯದ ಮೇಲೆ ಹನಿಸಿ, ಚರ್ಮ ಹಾಸಿ, ಕೆಲವು ನಿಮಿಷ ಒತ್ತಿ ಹಿಡಿಯುತ್ತೇವೆ. ಅದು ಅಲ್ಲೇ ಅಂಟಿಕೊಳ್ಳುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ, ಬೆರಳಲ್ಲಿ ತಳ್ಳಿದರೂ ಜರುಗುವುದಿಲ್ಲ. ಕೆಳಗೆ ಜಾಗ ಉಳಿಯದೇ ಇರುವುದರಿಂದ ರಕ್ತ ನಿಲ್ಲುವುದೂ ಕಮ್ಮಿ. ಅಂದರೆ ಮೂರರಲ್ಲಿ ಎರಡು ಶತ್ರುಗಳಿಗೆ ಇದು ಸಹಾಯ ಮಾಡುತ್ತದೆ. ಬೆಂಗಳೂರಿನ ಪ್ಲಾಸ್ಟಿಕ್ ಸರ್ಜನ್‌ಗಳು 2015ರಲ್ಲಿ 200 ರೋಗಿಗಳ ಅಧ್ಯಯನ ಪ್ರಕಟಿಸಿದ್ದರು. ಒಂದು ಗುಂಪಿಗೆ ಪಿಆರ್‌ಪಿ, ಇನ್ನೊಂದಕ್ಕೆ ಮಾಮೂಲಿ ಹೊಲಿಗೆ, ಸ್ಟೇಪಲ್. ಪಿಆರ್‌ಪಿ ಗುಂಪಿನಲ್ಲಿ ಚರ್ಮ ಟೇಬಲ್ ಮೇಲೇ ಅಂಟಿತು. ಕೆಳಗೆ ರಕ್ತ ನಿಲ್ಲುವುದು, ಡ್ರೆಸ್ಸಿಂಗ್ ಬದಲಿಸುವುದು, ಆಸ್ಪತ್ರೆಯಲ್ಲಿ ಉಳಿಯುವುದು, ಮೂರೂ ಕಮ್ಮಿ ಆಯಿತು.

ಮೂರನೆಯ ಶತ್ರು ಕೀವು. ಅಲ್ಲಿ ಪಿಆರ್‌ಪಿಯನ್ನು ನಂಬಿ ಕೂರುವ ಹಾಗಿಲ್ಲ. ಗಾಯದಲ್ಲಿ ಬೀಟಾ ಹೀಮೋಲಿಟಿಕ್ ಸ್ಟ್ರೆಪ್ಟೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಇದ್ದರೆ ಕಸಿಯನ್ನೇ ಮುಂದೂಡುತ್ತೇವೆ. ಅದು ಚರ್ಮವನ್ನು ಹಿಡಿಸುತ್ತಿರುವ ಫೈಬ್ರಿನ್ ಅಂಟನ್ನೇ ಕರಗಿಸಿಬಿಡುತ್ತದೆ. ಪಿಆರ್‌ಪಿ ಕೊಡುವ ಅಂಟೂ ಅದೇ ಫೈಬ್ರಿನ್ ಅಲ್ವಾ.

ಹಾಗಾಗಿ ದುಡ್ಡು ಕಟ್ಟುವ ಮುಂಚೆ ಈ ಪ್ರಶ್ನೆಗಳನ್ನು ಕೇಳಿ: ಗಾಯದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ನೋಡುವ ಕಲ್ಚರ್ ರಿಪೋರ್ಟ್ ಬಂತಾ? ಕಾಲಿನ ರಕ್ತ ಸಂಚಾರ ನೋಡಿದ್ದಾರಾ? ಹಿಮೋಗ್ಲೋಬಿನ್, ಆಲ್ಬುಮಿನ್ (ರಕ್ತದಲ್ಲಿನ ಪ್ರೋಟೀನು) ಎಷ್ಟಿದೆ? ಶುಗರ್ ಹಿಡಿತಕ್ಕೆ ಬಂದಿದೆಯಾ? ಇವು ಸರಿ ಇದ್ದರೆ ಪಿಆರ್‌ಪಿ ಒಳ್ಳೆಯ ಆಸರೆ. ಇವು ಸರಿ ಇಲ್ಲದಿದ್ದರೆ ಅದರಿಂದ ಗಾಯ ವಾಸಿ ಆಗುವುದಿಲ್ಲ.

ಲೆಕ್ಕ_ಕೇಳುವವ

ಡಾಕ್ಟ್ರೇ, ವಿವರಣೆ ಚೆನ್ನಾಗಿದೆ. ಆದರೆ ಒಂದು ಮಾತು ಹೇಳಲೇಬೇಕು. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಗಳನ್ನು ಓದಿ. 2014ರಲ್ಲಿ ಸ್ನಾಯು, ಸ್ನಾಯುರಜ್ಜು, ಅಸ್ಥಿರಜ್ಜುಗಳ ಪೆಟ್ಟಿನ ಬಗ್ಗೆ 19 ಪ್ರಯೋಗ, 1088 ಜನರನ್ನು ಒಟ್ಟಿಗೆ ನೋಡಿ "ಸಾಕಷ್ಟು ಪುರಾವೆ ಇಲ್ಲ" ಅಂದರು. 2016ರಲ್ಲಿ ಬಹಳ ದಿನ ಮಾಯದ ಗಾಯಗಳ ಬಗ್ಗೆ 10 ಪ್ರಯೋಗ, 442 ಜನ. ಶುಗರ್ ಪಾದದ ಹುಣ್ಣಿಗೆ ಸಹಾಯ ಆಗಬಹುದು, ಉಳಿದ ಗಾಯಗಳಿಗೆ ಗೊತ್ತಿಲ್ಲ ಅಂದರು. ಅದೂ ಪುರಾವೆಯ ಗುಣಮಟ್ಟ ಕಮ್ಮಿ ಅನ್ನುವ ಎಚ್ಚರಿಕೆ ಕೊಟ್ಟು.

ಒಂದು ಮಾತ್ರೆ ಮಾರುಕಟ್ಟೆಗೆ ಬರಬೇಕಾದರೆ ಎಷ್ಟು ಮಿಲಿಗ್ರಾಂ ಅಂತ ಹೇಳಬೇಕು. ಇಲ್ಲಿ ಅದೇ ಇಲ್ಲ. ಟೆಕ್ನಿಷಿಯನ್ ಅವರೇ ಹೇಳಿದಂತೆ ಒಂದೊಂದು ಕಡೆ ಒಂದೊಂದು ಥರ. ರೋಗಿಯ ಕಡೆಯವರು ಗಾಬರಿಯಲ್ಲಿ ಇರುವಾಗ ದುಡ್ಡು ಕಟ್ಟಿ ಅನ್ನುವುದು ಸುಲಭ. ಅದಕ್ಕೇ ನಾನು ಪುರಾವೆ ಕೇಳುತ್ತೇನೆ.

ಪ್ಲಾಸ್ಟಿಕ್‌ಸರ್ಜರಿ_ಪಿಜಿ

ನೀವು ಕೇಳುವುದು ಸರಿಯೇ. ಬೆಂಗಳೂರಿನ ಅಧ್ಯಯನವನ್ನೂ ಅದೇ ಕಣ್ಣಿನಿಂದ ನೋಡಬೇಕು. ಯಾರಿಗೆ ಪಿಆರ್‌ಪಿ ಹಾಕಿದೆ ಅಂತ ಸರ್ಜನ್‌ಗೆ ಗೊತ್ತಿರುತ್ತದೆ. ಡ್ರೆಸ್ಸಿಂಗ್ ಯಾವಾಗ ಬಿಚ್ಚಬೇಕು, ಯಾವಾಗ ಮನೆಗೆ ಕಳಿಸಬೇಕು ಅಂತ ತೀರ್ಮಾನಿಸುವುದೂ ಅವರೇ. ಚರ್ಮ ಅಂಟಿದ್ದು ಕಣ್ಣಿಗೆ ಕಾಣುವ ಸಂಗತಿ, ಅದರಲ್ಲಿ ನನಗೆ ಅನುಮಾನ ಇಲ್ಲ. ಗಾಯ ಬೇಗ ಮಾಯಿತು ಅನ್ನುವ ಮಾತಿಗೆ ಇನ್ನೂ ಗಟ್ಟಿ ಪ್ರಯೋಗ ಬೇಕು.

ಶಟಲ್_ಪ್ರೇಮಿ

ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ಬ್ಯಾಡ್ಮಿಂಟನ್ ಆಡುವಾಗ ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜು ಹರಿದುಹೋಯಿತು. ಕೋರ್ಟಿನಲ್ಲಿ ಪಕ್ಕದವರಿಗೂ ಪಟ್ ಅಂತ ಸದ್ದು ಕೇಳಿಸಿತು. ಆಪರೇಷನ್ ಮಾಡಿಸಿಕೊಂಡೆ. ಪಿಆರ್‌ಪಿ ಬೇಕಾ ಅಂತ ಕೇಳಿದರು. ನಾನು ಓದಿಕೊಂಡು ಬೇಡ ಅಂದೆ.

ಓದಿದ್ದು ಏನು ಅಂದರೆ, ಬ್ರಿಟನ್ನಿನಲ್ಲಿ ಅಕಿಲಿಸ್ ಹರಿದ 230 ಜನರ ಮೇಲೆ ದೊಡ್ಡ ಪ್ರಯೋಗ ಮಾಡಿದ್ದಾರೆ. 2019ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅರ್ಧ ಜನಕ್ಕೆ ಪಿಆರ್‌ಪಿ, ಉಳಿದವರಿಗೆ ಸುಮ್ನೆ ಸೂಜಿ ಚುಚ್ಚಿದ್ದು. 24 ವಾರ ಆದ ಮೇಲೆ ಕಾಲಿನ ಬಲದಲ್ಲಿ ಏನೂ ವ್ಯತ್ಯಾಸ ಇಲ್ಲ. ಅದಕ್ಕೂ ಮುಂಚೆ, 2010ರಲ್ಲಿ ನೆದರ್‌ಲ್ಯಾಂಡ್ಸ್‌ನವರು ಬಹಳ ದಿನದ ಅಕಿಲಿಸ್ ನೋವಿನ 54 ಜನಕ್ಕೆ ಪಿಆರ್‌ಪಿ ಮತ್ತು ಉಪ್ಪುನೀರು ಹೋಲಿಸಿದ್ದರು. ಅಲ್ಲೂ ಎರಡೂ ಒಂದೇ. ಬ್ರಿಟನ್ ಪ್ರಯೋಗದವರು ಆಪರೇಷನ್ ಇಲ್ಲದೆ ಪಟ್ಟಿ ಕಟ್ಟಿಸಿಕೊಂಡವರು, ನನ್ನದು ಹೊಲಿಗೆ ಹಾಕಿದ್ದು, ನಿಜ. ಆದರೂ ಆ ದುಡ್ಡನ್ನು ಫಿಸಿಯೋಥೆರಪಿಗೆ ಇಡೋಣ ಅಂತ ಅನ್ನಿಸಿತು. ಹಿಮ್ಮಡಿ ಎತ್ತುವ ವ್ಯಾಯಾಮವೇ ನನ್ನನ್ನು ಮತ್ತೆ ಕೋರ್ಟಿಗೆ ತಂದಿದ್ದು.

ಕೀಲುಮೂಳೆ_ಓದುಗ

ಮಂಡಿನೋವಿನ ಮಾತು ಬಂತಲ್ಲ, ಅದಕ್ಕೆ: ಆಸ್ಟ್ರೇಲಿಯಾದ ರಿಸ್ಟೋರ್ ಪ್ರಯೋಗ, 2021, 288 ಜನ. ಒಂದು ವರ್ಷದ ನಂತರ ನೋವಿನಲ್ಲೂ ಮೃದ್ವಸ್ಥಿಯ ಸವೆತದಲ್ಲೂ ಪಿಆರ್‌ಪಿಗೂ ಉಪ್ಪುನೀರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅದೇ ಮೊಣಕೈಯ ಟೆನಿಸ್ ಎಲ್ಬೋ ನೋವಿಗೆ ಸ್ಟಿರಾಯ್ಡ್ ಇಂಜೆಕ್ಷನ್‌ಗಿಂತ ದೀರ್ಘಕಾಲದಲ್ಲಿ ಪಿಆರ್‌ಪಿ ಮೇಲು ಅಂತ 2010ರ ಒಂದು ಪ್ರಯೋಗ ಇದೆ. ಭುಜದ ರೊಟೇಟರ್ ಕಫ್ ರಜ್ಜುಗಳ ಹೊಲಿಗೆಯಲ್ಲಿ ಫಲಿತಾಂಶ ಮಿಶ್ರ. ಒಂದು ಜಾಗದ ಫಲಿತಾಂಶ ಇಟ್ಟುಕೊಂಡು ಇನ್ನೊಂದು ಜಾಗಕ್ಕೆ ಮಾತಾಡಲು ಬರುವುದಿಲ್ಲ.

ಕಡಲತಡಿ_ದಂತವೈದ್ಯೆ

ಈ ಇಡೀ ವಿಷಯ ಸರ್ಜರಿಯಲ್ಲಿ ಹೆಸರು ಮಾಡಿದ್ದು ನಮ್ಮ ಬಾಯಿ, ದವಡೆಯ ವಿಭಾಗದಿಂದ. ಅದನ್ನೂ ಹೇಳಬೇಕು ಅನ್ನಿಸಿತು. 1998ರಲ್ಲಿ ಅಮೆರಿಕದ ಮಯಾಮಿ ವಿಶ್ವವಿದ್ಯಾಲಯದ ರಾಬರ್ಟ್ ಮಾರ್ಕ್ಸ್ ಮತ್ತು ಅವರ ತಂಡ ಕೆಳದವಡೆಯ ಮೂಳೆ ಕಳೆದುಕೊಂಡ 88 ರೋಗಿಗಳಿಗೆ ಮೂಳೆ ಕಸಿ ಮಾಡಿದರು. ಕೆಲವರಿಗೆ ಕಸಿಯ ಜೊತೆ ಪಿಆರ್‌ಪಿ ಬೆರೆಸಿದರು. ಬೆರೆಸಿದ ಕಡೆ ಮೂಳೆ ಬೇಗ, ಹೆಚ್ಚು ದಟ್ಟವಾಗಿ ಬೆಳೆಯಿತು ಅಂತ ವರದಿ ಮಾಡಿದರು. ಅಲ್ಲಿಂದ ಪಿಆರ್‌ಪಿ ಎಲ್ಲ ವಿಭಾಗಗಳಿಗೂ ಹಬ್ಬಿತು.

ಆಗ ಜೆಲ್ ಮಾಡಲು ದನದ ರಕ್ತದಿಂದ ತೆಗೆದ, ರಕ್ತ ಹೆಪ್ಪುಗಟ್ಟಿಸುವ ತ್ರಾಂಬಿನ್ ಬಳಸುತ್ತಿದ್ದರು. ಅದರಿಂದ ಅಪರೂಪಕ್ಕೆ ಕೆಲವರ ದೇಹದಲ್ಲಿ ಹೆಪ್ಪುಗಟ್ಟುವ ಅಂಶದ ವಿರುದ್ಧವೇ ಪ್ರತಿಕಾಯ ಹುಟ್ಟಿ ರಕ್ತಸ್ರಾವದ ತೊಂದರೆ ಬಂತು. ಆಮೇಲೆ 2001ರಲ್ಲಿ ಫ್ರಾನ್ಸಿನ ಜೋಸೆಫ್ ಶುಕ್ರೂನ್ ಇನ್ನೂ ಸರಳ ದಾರಿ ತೋರಿಸಿದರು. ಅದೇ ಪಿಆರ್‌ಎಫ್, ಅಂದರೆ ಪ್ಲೇಟ್‌ಲೆಟ್ ಜಾಸ್ತಿ ಇರುವ ಫೈಬ್ರಿನ್. ಸಿಟ್ರೇಟ್ ಇಲ್ಲ, ತ್ರಾಂಬಿನ್ ಇಲ್ಲ, ಕ್ಯಾಲ್ಸಿಯಂ ಇಲ್ಲ. ರಕ್ತ ತೆಗೆದು ತಕ್ಷಣ ತಿರುಗಿಸುವುದು, ಅಷ್ಟೇ.

ನಾನು ಕ್ಲಿನಿಕ್ಕಿನಲ್ಲಿ ಬಳಸುವುದು ಇದನ್ನೇ. ಬುದ್ಧಿಹಲ್ಲು ತೆಗೆಯುವ ದಿನ ರೋಗಿಯ ತೋಳಿನಿಂದ 10 ಮಿಲಿಲೀಟರ್ ಟ್ಯೂಬುಗಳಲ್ಲಿ ರಕ್ತ ತೆಗೆಯುತ್ತೇನೆ. ತಡ ಮಾಡಿದರೆ ಟ್ಯೂಬಿನಲ್ಲೇ ಅಡ್ಡಾದಿಡ್ಡಿ ಹೆಪ್ಪುಗಟ್ಟುತ್ತದೆ, ಅದಕ್ಕೆ ಒಂದೆರಡು ನಿಮಿಷದೊಳಗೆ ಮೆಷಿನ್‌ಗೆ ಹೋಗಬೇಕು. ಸುಮಾರು ಹತ್ತು ನಿಮಿಷ ತಿರುಗಿದ ಮೇಲೆ ನಡುವೆ ಹಳದಿ ಬಣ್ಣದ ಗಟ್ಟಿ ಹೆಪ್ಪು ಸಿಗುತ್ತದೆ. ಚಿಮಟದಲ್ಲಿ ಹಿಡಿದು ಎತ್ತಿ, ಕೆಳಗಿನ ಕೆಂಪು ಬಾಲ ಕತ್ತರಿಸುತ್ತೇವೆ. ಕೆಂಪಿಗೆ ತಾಗಿದ ಭಾಗದಲ್ಲೇ ಪ್ಲೇಟ್‌ಲೆಟ್ ಜಾಸ್ತಿ, ಹಾಗಾಗಿ ಸ್ವಲ್ಪ ಕೆಂಪು ಉಳಿಸಿಯೇ ಕತ್ತರಿಸಬೇಕು. ಮೆಲ್ಲಗೆ ಒತ್ತಿ ನೀರು ಬಸಿದರೆ ಎಳನೀರಿನ ಗಂಜಿಯ ಥರ ತೆಳುವಾದ, ಬಗ್ಗುವ ಪೊರೆ ಆಗುತ್ತದೆ. ಹಲ್ಲು ತೆಗೆದ ಗುಳಿಗೆ ಅದನ್ನು ತುಂಬಿ ಮೇಲೆ ಹೊಲಿಗೆ. ಬುದ್ಧಿಹಲ್ಲಿನ ವಿಷಯದಲ್ಲಿ ನೋವು ಕಮ್ಮಿ ಆಗುತ್ತದೆ, ಗುಳಿ ಒಣಗಿ ಬರುವ ಡ್ರೈ ಸಾಕೆಟ್ ತೊಂದರೆ ಕಮ್ಮಿ ಆಗುತ್ತದೆ ಅಂತ ಹಲವು ಪ್ರಯೋಗಗಳು ಹೇಳುತ್ತವೆ. ಮೂಳೆ ಬೇಗ ಬೆಳೆಯುತ್ತದೆ ಅನ್ನುವುದಕ್ಕೆ ಪುರಾವೆ ಅಷ್ಟು ಗಟ್ಟಿ ಇಲ್ಲ. ಹಾಗಾಗಿ ನಾನು ಎಲ್ಲರಿಗೂ ಹಾಕುವುದಿಲ್ಲ. ದವಡೆ ಮೂಳೆಯೊಳಗೆ ಹೂತಿರುವ ಹಲ್ಲು, ಸಿಗರೇಟು ಸೇದುವವರು, ಮುಂಚೆ ಡ್ರೈ ಸಾಕೆಟ್ ಆಗಿದ್ದವರು, ಇಂಥವರಿಗೆ ಹೇಳುತ್ತೇನೆ.

ಪಿಆರ್‌ಎಫ್ ಹಾಕಿದ ಮಾರನೇ ದಿನವೇ ಗುಟ್ಕಾ ಹಾಕಿಕೊಂಡು ಬರುವವರೂ ಇದ್ದಾರೆ. ಬೇಜಾರಾಗುತ್ತದೆ. ಪದೇ ಪದೇ ಉಗುಳಿದರೆ, ಸ್ಟ್ರಾದಲ್ಲಿ ಹೀರಿದರೆ ಗುಳಿಯಲ್ಲಿ ಕೂತ ಹೆಪ್ಪು ಕಿತ್ತುಬರುತ್ತದೆ. ಮೊದಲ ಕೆಲವು ದಿನ ಅಷ್ಟು ತಡೆದುಕೊಂಡರೆ ಸಾಕು.

ಸುಮ_ಅರಸೀಕೆರೆ

ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ ಮೇಡಂ. ನನ್ನ ಮಗಳಿಗೆ ಮುಂದಿನ ತಿಂಗಳು ಬುದ್ಧಿಹಲ್ಲು ತೆಗೆಸಬೇಕು. ಈಗ ಏನು ಕೇಳಬೇಕು ಅಂತ ಗೊತ್ತಾಯಿತು.

ಲೀಡ್ಸ್_ಕನ್ನಡತಿ

ನಾನು ಇಂಗ್ಲೆಂಡಿನಲ್ಲಿ ನರ್ಸ್. ಶುಗರ್ ಪಾದದ ಕ್ಲಿನಿಕ್ಕಿನಲ್ಲಿ ಕೆಲಸ. ಕೆರೆಕೋಡಿಯವರ ತಂದೆಗೆ ಹತ್ತಿರವಾದ ಪುರಾವೆ ಅಂದರೆ 2018ರಲ್ಲಿ ಲ್ಯಾನ್ಸೆಟ್ ಬಳಗದ ಡಯಾಬಿಟಿಸ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲ್ಯೂಕೋಪ್ಯಾಚ್ ಪ್ರಯೋಗ. ಬ್ರಿಟನ್, ಡೆನ್ಮಾರ್ಕ್, ಸ್ವೀಡನ್ ಮೂರೂ ದೇಶದ ಕ್ಲಿನಿಕ್ಕುಗಳು ಸೇರಿ ಮಾಡಿದ್ದು. ರೋಗಿಯ 18 ಮಿಲಿಲೀಟರ್ ರಕ್ತ ತಿರುಗಿಸಿ, ಬಿಳಿ ಕಣ, ಪ್ಲೇಟ್‌ಲೆಟ್, ಫೈಬ್ರಿನ್ ಸೇರಿದ ಒಂದು ಬಿಲ್ಲೆ ಮಾಡಿ ವಾರಕ್ಕೊಮ್ಮೆ ಹುಣ್ಣಿನ ಮೇಲೆ ಇಡುತ್ತಿದ್ದರು.

ಈ ಪ್ರಯೋಗದಲ್ಲಿ ನನಗೆ ಇಷ್ಟವಾದದ್ದು ಅದರ ಶಿಸ್ತು. ಮೊದಲ ನಾಲ್ಕು ವಾರ ಎಲ್ಲರಿಗೂ ಒಳ್ಳೆಯ ಮಾಮೂಲಿ ಆರೈಕೆ ಕೊಟ್ಟರು. ಅಷ್ಟರಲ್ಲೇ ಹುಣ್ಣು ಅರ್ಧದಷ್ಟು ಚಿಕ್ಕದಾದವರನ್ನು ಪ್ರಯೋಗಕ್ಕೆ ಸೇರಿಸಲಿಲ್ಲ. ಹಠ ಹಿಡಿದ ಹುಣ್ಣುಗಳಷ್ಟೇ ಉಳಿದವು, 269 ಜನ. ವಾಸಿ ಆಯಿತೋ ಇಲ್ಲವೋ ಅಂತ ನೋಡುವವರಿಗೆ ಯಾರಿಗೆ ಯಾವ ಚಿಕಿತ್ಸೆ ಅಂತ ಹೇಳಿರಲಿಲ್ಲ. 20 ವಾರದೊಳಗೆ ಬಿಲ್ಲೆ ಇಟ್ಟವರಲ್ಲಿ ನೂರಕ್ಕೆ 34 ಜನರಿಗೆ ಪೂರ್ತಿ ಮಾಯಿತು. ಮಾಮೂಲಿ ಆರೈಕೆಯವರಲ್ಲಿ ನೂರಕ್ಕೆ 22.

ಲೆಕ್ಕ ಕೇಳುವವರೇ, ಇದು ನೀವು ಕೇಳಿದಂಥ ಪುರಾವೆ ಅಂದುಕೊಳ್ಳುತ್ತೇನೆ. ಹಾಗಂತ ಬಿಲ್ಲೆ ಇಟ್ಟ ಮೂವರಲ್ಲಿ ಇಬ್ಬರಿಗೆ ಆ ಅವಧಿಯಲ್ಲಿ ಮಾಯಲಿಲ್ಲ ಅನ್ನುವುದನ್ನೂ ಮರೆಯಬಾರದು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2021ರಿಂದ ಬಹಳ ದಿನ ಮಾಯದ ಶುಗರ್ ಗಾಯಕ್ಕೆ 20 ವಾರದವರೆಗೆ ಪಿಆರ್‌ಪಿ ಖರ್ಚು ಕೊಡುತ್ತಿದೆ.

ಕೆರೆಕೋಡಿ ತಮ್ಮಾ, ಎರಡು ಮಾತು. ರಕ್ತ ಸಂಚಾರ ನೋಡುವಾಗ ಕಾಲ್ಗಂಟಿನ ಬಿಪಿ ಅಳತೆ ಒಂದನ್ನೇ ನಂಬಬೇಡಿ. ಶುಗರ್ ಇರುವವರಿಗೆ ರಕ್ತನಾಳದ ಗೋಡೆ ಗಟ್ಟಿಯಾಗಿ ಅಳತೆ ಸುಳ್ಳುಸುಳ್ಳೇ ಚೆನ್ನಾಗಿ ಬರುತ್ತದೆ. ರಕ್ತನಾಳದ ಸ್ಕ್ಯಾನ್ ಆದ ಡಾಪ್ಲರ್ ಮಾಡಿಸಿ, ಸಾಧ್ಯವಾದರೆ ಕಾಲ್ಬೆರಳಿನ ಒತ್ತಡವನ್ನೂ ನೋಡಿಸಿ. ಎರಡನೆಯದು, ಕಸಿ ಆದ ಮೇಲೆ ಆ ಪಾದದ ಮೇಲೆ ಭಾರ ಬೀಳಬಾರದು. ಬಚ್ಚಲಿಗೆ ಹೋಗಲಿಕ್ಕೆ ವಾಕರೋ ಗಾಲಿಕುರ್ಚಿಯೋ ಮನೆಗೆ ಬರುವ ಮುಂಚೆಯೇ ವ್ಯವಸ್ಥೆ ಮಾಡಿಟ್ಟುಕೊಳ್ಳಿ. ಹಳ್ಳಿ ಮನೆಗಳಲ್ಲಿ ಬಚ್ಚಲು ಹೊರಗೆ ಇರುತ್ತದೆ, ಹೊಸ್ತಿಲು ಎತ್ತರ. ರಾತ್ರಿ ಯಾರನ್ನೂ ಎಬ್ಬಿಸದೆ ಎದ್ದು ಹೋಗುತ್ತಾರೆ. ನಮ್ಮಪ್ಪನೂ ಹಾಗೇ ಮಾಡುತ್ತಿದ್ದರು.

ಲೆಕ್ಕ_ಕೇಳುವವ

ಇದು ಒಳ್ಳೆಯ ಪ್ರಯೋಗ, ಒಪ್ಪುತ್ತೇನೆ. ನನ್ನ ತಕರಾರು ಶುಗರ್ ಹುಣ್ಣಿನ ಬಗ್ಗೆ ಅಲ್ಲ, ಎಲ್ಲದಕ್ಕೂ ಇದನ್ನೇ ಹೇಳುವುದರ ಬಗ್ಗೆ. ಆದರೆ ಅದು ತೆರೆದ ಹುಣ್ಣಿಗೆ ವಾರಕ್ಕೊಮ್ಮೆ ಇಟ್ಟ ಬಿಲ್ಲೆ. ಇಲ್ಲಿ ಕೇಳಿರುವುದು ಕಸಿಯ ಕೆಳಗೆ ಒಂದೇ ಸಲ ಹಾಕುವ ಪಿಆರ್‌ಪಿ. ಎರಡೂ ಒಂದೇ ಅಂತ ಹೇಳಬೇಡಿ.

ಲೀಡ್ಸ್_ಕನ್ನಡತಿ

ಖಂಡಿತ ಅಲ್ಲ. ಕಸಿಯಲ್ಲಿ ಅದರ ಮುಖ್ಯ ಕೆಲಸ ಅಂಟಿಸುವುದು, ಪಿಜಿ ಡಾಕ್ಟರು ಹೇಳಿದ ಹಾಗೆ.

ಚರ್ಮರೋಗ_ವಿಭಾಗದಿಂದ

ಸಣ್ಣ ಸೇರ್ಪಡೆ. ಕುಷ್ಠರೋಗ ವಾಸಿಯಾದ ಮೇಲೂ ಅಂಗಾಲಿನಲ್ಲಿ ಸ್ಪರ್ಶ ಇಲ್ಲದೆ ಹುಣ್ಣು ಉಳಿದುಬಿಡುತ್ತದೆ. ವರ್ಷಗಟ್ಟಲೆ ಬಟ್ಟೆ ಸುತ್ತಿಕೊಂಡು ಓಡಾಡುತ್ತಾರೆ. ಅಂಥ ಹುಣ್ಣಿಗೆ ಪಿಆರ್‌ಎಫ್ ಪೊರೆ ಇಟ್ಟು ಮಾಯಿಸಿದ ವರದಿಗಳು ಬೆಂಗಳೂರಿನ ಮೆಡಿಕಲ್ ಕಾಲೇಜುಗಳಿಂದಲೇ ಬಂದಿವೆ. ರೋಗಿಗಳ ಸಂಖ್ಯೆ ಚಿಕ್ಕದು, ಹೋಲಿಕೆಗೆ ಇನ್ನೊಂದು ಗುಂಪು ಇಲ್ಲ. ಆದರೂ ಇದಕ್ಕೆ ಬೇಕಾಗುವುದು ಒಂದು ಸೆಂಟ್ರಿಫ್ಯೂಜ್, ಒಂದಿಷ್ಟು ಟ್ಯೂಬು. ಜಿಲ್ಲಾ ಆಸ್ಪತ್ರೆಯಲ್ಲೂ ಸಾಧ್ಯ. ಬಡವರ ಗಾಯಕ್ಕೆ ಇದರ ಮೇಲೆ ದೊಡ್ಡ ಪ್ರಯೋಗ ಆಗಬೇಕು ಅಂತ ನನ್ನ ಆಸೆ. ಕೂದಲಿಗೆ ಇದನ್ನು ಬಳಸುವ ಉತ್ಸಾಹದಲ್ಲಿ ಕಾಲು ಭಾಗ ಇಲ್ಲಿಗೆ ಬಂದಿದ್ದರೂ ಸಾಕಿತ್ತು.

ರಕ್ತನಿಧಿ_ಟೆಕ್ನಿಷಿಯನ್

ಸುರಕ್ಷತೆಯ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಸ್ವಂತ ರಕ್ತ ಆದ್ದರಿಂದ ಅಲರ್ಜಿಯ ಭಯ ಕಮ್ಮಿ. ಆದರೆ ಟ್ಯೂಬಿನ ಮೇಲೆ ಹೆಸರು, ನಂಬರ್ ಬರೆಯದೇ ಇದ್ದರೆ ಒಬ್ಬರದು ಇನ್ನೊಬ್ಬರಿಗೆ ಹೋಗಬಹುದು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಒಂದು ಸ್ಪಾದಲ್ಲಿ ಮುಖಕ್ಕೆ ಪಿಆರ್‌ಪಿ ಸೂಜಿ ಮಾಡಿಸಿಕೊಂಡ ಗ್ರಾಹಕರಿಗೆ ಎಚ್‌ಐವಿ ತಗುಲಿದ್ದನ್ನು ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಮಾಡಿತು. ಹೆಸರಿಲ್ಲದ ರಕ್ತದ ಟ್ಯೂಬುಗಳು ಅಡುಗೆಮನೆಯ ಕಟ್ಟೆಯ ಮೇಲೆ, ಫ್ರಿಜ್ಜಿನಲ್ಲಿ ಆಹಾರದ ಜೊತೆ ಸಿಕ್ಕಿದ್ದವು.

ಆಸ್ಪತ್ರೆಯ ಓಟಿಯಲ್ಲಿ ಹಾಗೆ ಆಗುವುದಿಲ್ಲ ಅಂತ ಸುಮ್ಮನಿರಬೇಡಿ. ರಕ್ತ ತೆಗೆಯುವಾಗ ನಿಮ್ಮ ಎದುರೇ ಲೇಬಲ್ ಹಚ್ಚಲಿ. ಸಿರಿಂಜ್, ಸೂಜಿ, ಟ್ಯೂಬ್ ಎಲ್ಲ ನಿಮ್ಮ ಎದುರೇ ಪ್ಯಾಕೆಟ್ ಒಡೆಯಲಿ. ಕೇಳಿದರೆ ಯಾವ ಒಳ್ಳೆಯ ಸ್ಟಾಫೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇನ್ನೊಂದು, ದುಬಾರಿ ಕಿಟ್ಟೇ ಬೇಕು ಅಂತ ಇಲ್ಲ. ಬ್ಲಡ್ ಬ್ಯಾಂಕ್ ಇರುವ ಆಸ್ಪತ್ರೆಯಲ್ಲಿ ಮಾಮೂಲಿ ಟ್ಯೂಬಿನಲ್ಲೇ ಮಾಡಿಕೊಡಬಹುದು. ಯಾವ ರೀತಿ ಮಾಡುತ್ತೀರಿ, ದುಡ್ಡು ಯಾವುದಕ್ಕೆ ಅಂತ ಕೇಳಿ ತಿಳಿದುಕೊಳ್ಳಿ.

ಕೆರೆಕೋಡಿ

ಎಲ್ಲರಿಗೂ ಕೈಮುಗಿಯುತ್ತೇನೆ. ನೀವು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಇವತ್ತು ಡಾಕ್ಟರ ಹತ್ತಿರ ಕೂತು ಮಾತಾಡಿದೆ. ಅವರೂ ಸಮಾಧಾನದಿಂದ ಉತ್ತರ ಕೊಟ್ಟರು.

ಕಲ್ಚರ್ ರಿಪೋರ್ಟ್ ಇನ್ನೂ ಬಂದಿಲ್ಲ, ಅದು ಬರುವವರೆಗೆ ಕಸಿ ಮಾಡುವುದಿಲ್ಲ ಅಂದರು. ಡಾಪ್ಲರ್ ಆಗಿರಲಿಲ್ಲ, ನಾಳೆಗೆ ಬರೆದಿದ್ದಾರೆ. ಹಿಮೋಗ್ಲೋಬಿನ್ 8.6 ಇದೆ, ಮೊದಲು ಅದನ್ನು ಏರಿಸಬೇಕಂತೆ. ಊಟದಲ್ಲಿ ಮೊಟ್ಟೆ, ಬೇಳೆ ಜಾಸ್ತಿ ಮಾಡಿ ಅಂತ ಡಯಟಿಷಿಯನ್ ಹೇಳಿದ್ದಾರೆ. ಅಪ್ಪ ಶನಿವಾರ ಮೊಟ್ಟೆ ಮುಟ್ಟುವುದಿಲ್ಲ, ಆವತ್ತು ಹೆಸರುಕಾಳು ಕೊಡುತ್ತೇವೆ. ಪಿಆರ್‌ಪಿಯನ್ನು ಬ್ಲಡ್ ಬ್ಯಾಂಕಿನಲ್ಲೇ ಮಾಡಿಸಬಹುದಾ ಅಂತ ಕೇಳಿದೆ. ಸಾಧ್ಯ ಇದೆ, ಕಿಟ್ಟಿನ ದುಡ್ಡು ಉಳಿಯುತ್ತದೆ ಅಂದರು. ಗಾಯ ತಯಾರಾದ ಮೇಲೆ ಕಸಿಯ ಜೊತೆ ಹಾಕಿಸುವುದು ಅಂತ ತೀರ್ಮಾನ ಮಾಡಿದ್ದೇವೆ. ವಾಕರ್ ತಂದಿಟ್ಟಿದ್ದೇನೆ ಅಕ್ಕ.

ಪ್ಲಾಸ್ಟಿಕ್‌ಸರ್ಜರಿ_ಪಿಜಿ

ಸರಿಯಾದ ತೀರ್ಮಾನ. ತೊಡೆಯಲ್ಲಿ ಚರ್ಮ ತೆಗೆದ ಜಾಗವೂ ಒಂದು ಗಾಯವೇ. ಬಹಳ ಸಲ ಪಾದಕ್ಕಿಂತ ಅದೇ ಜಾಸ್ತಿ ಉರಿಯುತ್ತದೆ. ಆ ಡ್ರೆಸ್ಸಿಂಗನ್ನು ಎಳೆದು ಬಿಚ್ಚಬಾರದು. ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ ಅದೇ ಒಣಗಿ ಬಿಟ್ಟುಕೊಳ್ಳುತ್ತದೆ. ವಾಸನೆ ಬಂದರೆ, ಜ್ವರ ಬಂದರೆ ಮಾತ್ರ ಕಾಯದೆ ತೋರಿಸಿ.

ಮಲೆನಾಡಿನ_ಮಗ

ಇಲ್ಲೇ ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ನಮ್ಮಮ್ಮನಿಗೆ ಭುಜದ ರಜ್ಜು ಹರಿದಿದೆ, ಆಪರೇಷನ್ ಜೊತೆ ಪಿಆರ್‌ಪಿ ಅಂದಿದ್ದಾರೆ. ಅಮ್ಮನಿಗೆ ಹೃದಯದಲ್ಲಿ ಸ್ಟೆಂಟ್ ಇದೆ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ಮಾತ್ರೆ ತಗೊಳ್ತಾರೆ. ಪಿಆರ್‌ಪಿ ಚೆನ್ನಾಗಿ ಬರಲಿ ಅಂತ ಒಂದು ವಾರ ಮಾತ್ರೆ ನಿಲ್ಲಿಸಬೇಕು ಅಂತ ಎಲ್ಲೋ ಓದಿದೆ. ಈಗಲೇ ನಿಲ್ಲಿಸಲಾ?

ರಕ್ತನಿಧಿ_ಟೆಕ್ನಿಷಿಯನ್

ದಯವಿಟ್ಟು ನಿಲ್ಲಿಸಬೇಡಿ. ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ತನ್ನ ಆಯಸ್ಸು ಪೂರ್ತಿ, ಅಂದರೆ 7ರಿಂದ 10 ದಿನ, ಮಂಕಾಗಿಯೇ ಇರುತ್ತದೆ. ಒಂದು ವಾರದ ಲೆಕ್ಕ ಬಂದಿದ್ದು ಅಲ್ಲಿಂದ. ನೋವಿನ ಮಾತ್ರೆ ತಗೊಳ್ಳುವವರಿಗೆ ಮುಂಚೆ ನಿಲ್ಲಿಸಿ ಅಂತ ಹೇಳುವುದು ಇದೆ. ಸ್ಟೆಂಟ್ ಇರುವವರ ವಿಷಯ ಪೂರ್ತಿ ಬೇರೆ. ಮಾತ್ರೆ ನಿಂತರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತ ಆಗಬಹುದು. ಪಿಆರ್‌ಪಿಗೋಸ್ಕರ ಆ ಅಪಾಯ ತಗೊಳ್ಳಬಾರದು.

ಪ್ಲಾಸ್ಟಿಕ್‌ಸರ್ಜರಿ_ಪಿಜಿ

ಅವರು ಹೇಳಿದ್ದೇ ಸರಿ. ಆಪರೇಷನ್‌ಗೆ ಮಾತ್ರೆ ನಿಲ್ಲಿಸಬೇಕಾ, ಯಾವುದನ್ನು, ಎಷ್ಟು ದಿನ ಅನ್ನುವುದನ್ನು ಹೃದಯದ ಡಾಕ್ಟರು ಹೇಳಬೇಕು. ಸ್ಟೆಂಟ್ ಹಾಕಿದ ದಿನಾಂಕ, ಡಿಸ್ಚಾರ್ಜ್ ಕಾರ್ಡ್ ತಗೊಂಡು ಈ ವಾರವೇ ಅವರನ್ನು ಕಾಣಿ. ಅವರು ಬರೆದುಕೊಟ್ಟದ್ದನ್ನು ಮೂಳೆ ಡಾಕ್ಟರಿಗೂ ಅರಿವಳಿಕೆ ಡಾಕ್ಟರಿಗೂ ತೋರಿಸಿ. ಭುಜದ ಆಪರೇಷನ್ ಪಿಆರ್‌ಪಿ ಇಲ್ಲದೆಯೂ ಆಗುತ್ತದೆ.

ಮಲೆನಾಡಿನ_ಮಗ

ಆಯಿತು ಸರ್. ನಾಳೆ ಬೆಳಗ್ಗೆಯೇ ಹೃದಯದ ಡಾಕ್ಟರ ಅಪಾಯಿಂಟ್‌ಮೆಂಟ್ ತಗೊಳ್ಳುತ್ತೇನೆ. ಅಲ್ಲಿಯವರೆಗೆ ಎರಡೂ ಮಾತ್ರೆ ಮುಂದುವರಿಸುತ್ತೇವೆ.